ಎಲ್ಲರೂ ಹೂಂ ಅಂದ್ರಾ?

ಬ್ಯಾಂಕಿನ ನಾಲ್ಕು ಊರಿನ ಡೇಟಾಬೇಸ್‌ಗಳಲ್ಲಿ ಪ್ರತಿ ವ್ಯವಹಾರವೂ ಒಟ್ಟಿಗೆ ದಾಖಲಾಗಬೇಕು, ಇಲ್ಲವೇ ಎಲ್ಲೂ ಆಗಕೂಡದು. ಅದನ್ನು ನೋಡಿಕೊಳ್ಳುವುದೇ ಹೂಂ-ಸಾಹೇಬರ ಉದ್ಯೋಗ. ನಾಲ್ಕೂ ಕಡೆಯಿಂದ "ಹೂಂ" ಬರುವವರೆಗೂ ಅವರು ಗುಂಡಿ ಒತ್ತುವವರಲ್ಲ. ಒಂದು ಕಡೆ "ಉಹೂಂ" ಅಂದರೂ ಎಲ್ಲ ರದ್ದು. ಈ ಚಾಳಿ ಮನೆಗೂ ಅಂಟಿದೆ. ಹೆಂಡತಿ, ಅತ್ತೆ, ಮಗಳು ಮೂವರೂ ಒಪ್ಪದೆ ಫ್ಯಾನ್ ಕೂಡ ತಿರುಗದು. ಅತ್ತೆ ತೂಕಡಿಸಿದರೆ ಉಳಿದವರು ಬೆವರುತ್ತಾ ಕೂರಬೇಕು. ಈಚೆಗೆ ಮಗಳ ಮದುವೆಗೆ ಹುಡುಗ, ಬೀಗರು, ಹೆಂಡತಿ, ಕೊನೆಗೆ ಅತ್ತೆಯೂ ಹೂಂ ಅಂದರು. ವಾರವಾದರೂ ಸಾಹೇಬರು ಮಾತ್ರ ಬಾಯಿ ಬಿಡಲಿಲ್ಲ. ಎರಡೂ ಮನೆಯವರು ಬೇರೆ ಕೆಲಸಕ್ಕೆ ಕೈಹಾಕಲಾರದೆ ಕಾದು ಕೂತರು. "ಅಪ್ಪಾ, ಎಲ್ರೂ ಹೂಂ ಅಂದಾಯ್ತಲ್ಲ, ಇನ್ನೇನು?" ಎಂದಳು ಮಗಳು. "ತಾಳಮ್ಮ, ಇನ್ನೊಂದ್ಸಲ ಕೇಳ್ಬಿಡ್ತೀನಿ," ಎನ್ನುತ್ತಾ, ಯಾರಾದರೊಬ್ಬರು ಉಹೂಂ ಅಂದುಬಿಡಲಿ ಎಂದು ಒಳಗೊಳಗೇ ಹಾರೈಸುತ್ತಾ, ಅವರು ಫೋನೆತ್ತಿಕೊಂಡರು.