ಮುಂದೂಡಿದ ತುಲಾಭಾರ

ಮಗಳು ಏಳು ತಿಂಗಳಿಗೇ ಹುಟ್ಟಿದವಳು. ಹೊನ್ನಾವರದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಅವಳನ್ನು ನೋಡಿ ನನ್ನ ಅತ್ತೆ ನಿಂತಲ್ಲೇ ಹರಕೆ ಹೇಳಿಕೊಂಡರು: "ದೇವ್ರೇ, ಈ ಕೂಸು ಮೈ ತುಂಬ್ಕಂಡು ಎದ್ರೆ ಇದ್ರ ತೂಕದಷ್ಟು ತೆಂಗಿನಕಾಯಿ ಒಪ್ಪಿಸ್ತೆ."

ಮೈ ತುಂಬಿಸುವ ಕೆಲಸವನ್ನು ಮಾತ್ರ ನಾವು ದೇವರಿಗೆ ಬಿಡಲಿಲ್ಲ. ಅವಳು ಒಂದು ತುತ್ತು ಬಿಟ್ಟರೆ ಮನೆಗೆಲ್ಲ ಗಾಬರಿ. ಅತ್ತೆಯ ತುಪ್ಪದನ್ನ, ನನ್ನ ಬಿಸ್ಕತ್ತು, ಸಂಜೆ ಗಂಡ ಬೇಕರಿಯಿಂದ ತರುವ ಪಫ್ಸು. ಶಾಲೆಗೆ ನಡೆದೇ ಹೋಗುತ್ತಿದ್ದಳು. ಹೆದ್ದಾರಿ ಅಗಲವಾದ ಮೇಲೆ ದಾಟಿಸಲು ಹೆದರಿ ನಾನೇ ವ್ಯಾನು ಹತ್ತಿಸಿದೆ. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ನಮ್ಮಲ್ಲಿ ಮಾಡಿದವರು ನಾವು, ಉಣ್ಣುತ್ತಿರುವವಳು ಅವಳು.

ಒಂಬತ್ತನೇ ವರ್ಷಕ್ಕೆ ಕುಮಟಾದ ಮಕ್ಕಳ ಡಾಕ್ಟರಿಗೆ ತೋರಿಸಿದೆವು. "ಅವಳೊಬ್ಬಳಿಗೇ ಪಥ್ಯ ಹೇಳ್ಬೇಡಿ. ಮನೆಯವರೆಲ್ಲ ಊಟ ಬದ್ಲಿಸಿ, ಸಂಜೆ ಅವಳ ಜೊತೆ ನಡೀರಿ. ತೂಕದ ಬಗ್ಗೆ ಮಾತ್ರ ಹಂಗಿಸ್ಬೇಡಿ" ಎಂದರು. ಹದಿನೈದು ದಿನ ಶಿಸ್ತಾಗಿ ನಡೆಯಿತು. ಆಮೇಲೆ ನಾವು ನಮ್ಮ ಪಾಡಿಗೆ ಉಣ್ಣುತ್ತಾ ಅವಳ ತಟ್ಟೆ ಮಾತ್ರ ಕಾಯತೊಡಗಿದೆವು. ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ತುಲಾಭಾರದ ಮಾತು ಬಂದಾಗಲೆಲ್ಲ ಮಗಳು ನನ್ನ ಸೆರಗು ಹಿಡಿಯುತ್ತಿದ್ದಳು. "ಆಯಿ, ಈ ವರ್ಷ ಬೇಡ. ಸ್ವಲ್ಪ ಸಪೂರ ಆಗಿ ಕೂರ್ತೆ." ನಾನೂ ಏನಾದರೊಂದು ನೆಪ ಹೇಳಿ ಮುಂದೂಡುತ್ತಿದ್ದೆ. ಮುಂದೂಡಿದ ಒಂದೊಂದು ವರ್ಷವೂ ಅವಳ ಮೈಮೇಲೆ ಬಂದು ಕೂರುತ್ತಿತ್ತು. ಹದಿಮೂರು ತುಂಬಿತು. ಈ ಸಲ ಅತ್ತೆ ಬಿದ್ದು ಸೊಂಟ ಮುರಿದುಕೊಂಡರು. "ಹರಕೆ ಬಾಕಿ ಇಟ್ಕಂಡು ಸಾಯೂದಾ ನಾನು?" ಎಂದು ಅತ್ತರು. ಮಗಳು ಆಗಲಿ ಎಂದು ತಲೆಯಾಡಿಸಿದಳು. ಅವತ್ತಿನಿಂದ ಅವಳು ಅನ್ನ ಮುಟ್ಟಲಿಲ್ಲ, ಬರೀ ಮಜ್ಜಿಗೆ ಕುಡಿದಳು.

ಕಾಯಿ ಎಷ್ಟು ಬೇಕಾಗುತ್ತದೆ ಎಂದು ಗಂಡ ಕೇಳಿದರು. ಅವಳನ್ನು ಕರೆದು ತೂಕದ ಮಶೀನಿನ ಮೇಲೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಹಿಂದಿನ ವರ್ಷ ಮತ್ತೆ ತೋರಿಸಿದಾಗ ಡಾಕ್ಟರು ಚೀಟಿಯಲ್ಲಿ ಬರೆದಿದ್ದ ತೂಕವನ್ನೇ ಹೇಳಿಬಿಟ್ಟೆ. ಅವಳನ್ನು ನೋಯಿಸಬಾರದೆಂದು ಹಾಗೆ ಮಾಡಿದೆ.

ದೇವಸ್ಥಾನದಲ್ಲಿ ನೆಂಟರೆಲ್ಲ ಸುತ್ತ ನಿಂತಿದ್ದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಮಗಳು ಹಗ್ಗ ಹಿಡಿದು, ಕಣ್ಣು ಮುಚ್ಚಿ ಕೂತಳು. ಇನ್ನೊಂದಕ್ಕೆ ಕಾಯಿ ಹಾಕುತ್ತಾ ಹೋದರು. ಒಂದು ಚೀಲ ಬರಿದಾಯಿತು, ಎರಡನೆಯದೂ ಆಯಿತು. ಅವಳಿದ್ದ ತಟ್ಟೆ ನೆಲ ಬಿಟ್ಟು ಏಳಲಿಲ್ಲ.

"ಸಾಲ್ದು, ಇನ್ನೂ ಬೇಕು" ಎಂದರು ಭಟ್ಟರು.

"ತೋಟಾನೇ ತರ್ಬೇಕಾ ಎಂತ!" ಯಾರೋ ನಕ್ಕರು. ಗಂಡ ಹೊರಗಿನ ಅಂಗಡಿಗೆ ಓಡಿದರು.

ಕುರ್ಚಿಯಲ್ಲಿ ಕೂತಿದ್ದ ಅತ್ತೆ ಮಾತ್ರ ಆನಂದದಿಂದ ಅಳುತ್ತಿದ್ದರು. "ನೋಡ್ರೇ, ಅಂಗೈಯಷ್ಟಿತ್ತು ಕೂಸು! ದೇವ್ರು ಹೆಂಗೆ ಬೆಳ್ಸಿದಾನೆ ನೋಡಿ!" ಅವರ ಕಣ್ಣಿಗೆ ಇನ್ನೂ ಆ ಗಾಜಿನ ಪೆಟ್ಟಿಗೆಯೇ ಕಾಣುತ್ತಿತ್ತು. ಅವರನ್ನು ಬೈಯಲೂ ನನ್ನಿಂದಾಗಲಿಲ್ಲ.

ಮಗಳು ಕಣ್ಣು ತೆರೆದು ನನ್ನನ್ನು ಹತ್ತಿರ ಕರೆದಳು. ಬಗ್ಗಿದೆ. ಕೈಬಳೆಗಳನ್ನು ಒಂದೊಂದಾಗಿ ಕಳಚಿ ನನ್ನ ಅಂಗೈಯಲ್ಲಿಟ್ಟಳು. ಕೊರಳ ಸರ ಬಿಚ್ಚಿ ಕೊಟ್ಟಳು. ಆಮೇಲೆ ಕೈ ಹಿಂದೆ ಚಾಚಿ, ಬೆಳಿಗ್ಗೆ ನಾನೇ ಮುಡಿಸಿದ್ದ ಭಟ್ಕಳ ಮಲ್ಲಿಗೆಯ ದಂಡೆಯನ್ನು ಜಡೆಯಿಂದ ಎಳೆದಳು.

"ಇದ್ನೂ ಹಿಡ್ಕ ಆಯಿ."

ಹೂವಿಗೆ ಎಂತ ತೂಕ ಮಗಾ ಎನ್ನಬೇಕೆಂದುಕೊಂಡೆ. ಕೈ ಚಾಚಿ ತೆಗೆದುಕೊಂಡೆ.