ಕ್ಲೆಮ್‌ನ ಸಿಳ್ಳೆ

ನೋಲೀನ್ ಕರ್ನೋ, ಶಾಲಾ ಸಮವಸ್ತ್ರ ಹೊಲಿಯುತ್ತಲೇ ಮುದುಕಿಯಾದವಳು. ಕಾರು ಓಡಿಸಲು ಕಲಿತಿರಲಿಲ್ಲ. ಬುಧವಾರ ಬಂತೆಂದರೆ ಮೆಲ್ಬರ್ನಿನಿಂದ ರೈಲು ಹಿಡಿದು ಕೊನೆಯ ನಿಲ್ದಾಣಕ್ಕೆ ಬಂದು, ಅಲ್ಲಿಂದ ನಾನು ಓಡಿಸುವ ಬಸ್ಸಿನಲ್ಲಿ ಬೆಟ್ಟ ಹತ್ತಿ, ಜರೀಗಿಡಗಳ ಕಣಿವೆಯ ಹತ್ತಿರ ಇಳಿಯುತ್ತಿದ್ದಳು. ಲೈರ್ ಹಕ್ಕಿ ನೋಡಲಿಕ್ಕೆ. ಕೋಳಿ ಗಾತ್ರದ ಕಂದು ಹಕ್ಕಿ; ಕಾಡಿನಲ್ಲಿ ಕೇಳಿದ್ದನ್ನೆಲ್ಲ ಹಾಗೆಯೇ ಒಪ್ಪಿಸುತ್ತದೆ.

"ಏನು ನೋಲೀನ್, ಇವತ್ತಾದ್ರೂ ನನ್ನ ಹಾರ್ನ್ ಕಲೀತಾ?" ಎಂದು ಕೆಣಕುತ್ತಿದ್ದೆ.

"ಅಷ್ಟು ಗತಿಗೆಟ್ಟಿಲ್ಲ ಅದು, ಮಾರಾಯ."

ಅವಳ ಗಂಡ ಕ್ಲೆಮ್ ವರ್ಷಗಳ ಹಿಂದೆ ಅದೇ ಕಾಡಿಗೆ ನಾಯಿಯ ಜೊತೆ ಅಣಬೆ ಕೀಳಲು ಹೋದವನು ಮರಳಿರಲಿಲ್ಲ. ನಾಯಿಯೊಂದೇ ರಸ್ತೆಗೆ ಬಂದಿತ್ತು. ಹುಡುಕಿದರು, ಕೈಬಿಟ್ಟರು. ಯಾವಳ ಜೊತೆಗೋ ಓಡಿಹೋದ ಎಂದು ಪಬ್ಬಿನಲ್ಲಿ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು.

ಜುಲೈ ಚಳಿಗಾಲದ ಒಂದು ಇಳಿಹೊತ್ತು, ದಟ್ಟ ಮಂಜು. ವಾಪಸು ಬಸ್ಸಿಗೆ ಅವಳು ಬರಲಿಲ್ಲ. ಖಾಲಿ ಬಸ್ಸು ನಿಲ್ಲಿಸಿ ಕಾಲುದಾರಿ ಹಿಡಿದೆ. ಬಿದ್ದ ಮರವೊಂದರ ಮೇಲೆ ಕೂತಿದ್ದಳು. ನನ್ನನ್ನು ಕಂಡದ್ದೇ ತುಟಿಗೆ ಬೆರಳಿಟ್ಟಳು.

ಹಕ್ಕಿ ಕಾಣಿಸಲಿಲ್ಲ. ಮಂಜಿನೊಳಗಿಂದ ಉದ್ದನೆಯ ಸಿಳ್ಳೆ ಬಂತು, ನಾಯಿ ಕರೆಯುವ ಸಿಳ್ಳೆ. ಆಮೇಲೆ ಹಲಗೆ ಲಟಕ್ಕನೆ ಮುರಿದ ಸದ್ದು. ಕಲ್ಲುಗಳು ಉರುಳುರುಳಿ ಆಳಕ್ಕೆ ಬಿದ್ದ ಸದ್ದು. ಮತ್ತೆ ಅದೇ ಸಿಳ್ಳೆ, ನೆಲದಡಿಯಿಂದ ಬಂದಂತೆ. ಮತ್ತೆ. ಮತ್ತೆ. ಒಂದಕ್ಕಿಂತ ಒಂದು ಕ್ಷೀಣವಾಗಿ.



"ಸಿಳ್ಳೆ ಕ್ಲೆಮ್‌ದು," ಎಂದಳು. "ಅದನ್ನ ಎಷ್ಟೋ ಸಲ ಕೇಳಿದೀನಿ, ಅದಕ್ಕೇ ಬರೋದು. ಮುರಿಯೋ ಸದ್ದು ಇವತ್ತೇ ಮೊದಲು."

"ನಡೀರಿ, ಕತ್ತಲಾಗುತ್ತೆ," ಎಂದೆ.

"ಸ್ಟಾವ್, ಕಾಡಲ್ಲಿ ಹಲಗೆ ಎಲ್ಲಿಂದ ಬರುತ್ತೋ?"

ಹಳೇ ಕಾಲದಲ್ಲಿ ಚಿನ್ನಕ್ಕಾಗಿ ತೋಡಿಬಿಟ್ಟ ಆಳದ ಗುಂಡಿಗಳಿಗೆ ಹಲಗೆ ಮುಚ್ಚಿರುತ್ತಾರೆ. ಅದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ನಮ್ಮೂರಿನ ರಕ್ಷಣಾ ದಳದವರಿಗೆ ಫೋನ್ ಮಾಡಿದೆ. "ಹಕ್ಕಿ ಸಾಕ್ಷಿ ಹೇಳ್ತಾ?" ಎಂದು ನಕ್ಕರು. ಆದರೂ ಮರುದಿನ ಬಂದರು. ಹಕ್ಕಿ ಕೂಗಿದ ಕಡೆಯೇ, ಜರೀಗಿಡದ ಅಡಿಯಲ್ಲಿ, ಮುರಿದ ಹಲಗೆ ಸಿಕ್ಕಿತು. ಕೆಳಗೆ ಕ್ಲೆಮ್‌ನ ಬೂಟು, ಎಲುಬು.

ನೋಲೀನ್ ಅಳಲಿಲ್ಲ. "ಓಡಿಹೋಗಿರಲಿಲ್ಲ ನೋಡು," ಎಂದಳು. ಆಮೇಲೆ, "ಎಷ್ಟು ಹೊತ್ತು ಕರೆದನೋ," ಎಂದಳು.

ಮಣ್ಣಾದ ಮೇಲೆ ಇನ್ನು ಬರಲಾರಳು ಅಂದುಕೊಂಡಿದ್ದೆ. ಮುಂದಿನ ಬುಧವಾರವೇ ಬಂದಳು. ಕಣಿವೆಯ ಬಳಿ ಬಾಗಿಲು ತೆರೆದರೆ ಕೂತಲ್ಲಿಂದ ಏಳಲಿಲ್ಲ.

"ಹೋಗು, ಹೋಗು," ಎಂದಳು. "ಮೇಲಿನ ಹೊಳೇಲಿ ಬಾತುಕೊಕ್ಕಿನ ಪ್ರಾಣಿ ಪ್ಲಾಟಿಪಸ್ ಇದೆಯಂತೆ. ಅದು ಬಾಯಿ ಬಿಡಲ್ಲ."