ಗುರುಸಿದ್ದವ್ವ ಸಲೈನ್ ನಿಲ್ಲಿಸಿದ್ದು

ಕಳ್ಳಕವಟಗಿಯ ಗುರುಸಿದ್ದವ್ವನ ಬಾಯಿಗೆ ಹೆದರದವರು ಯಾರಿದ್ದಾರೆ? ಗಂಡ ಶಿವಶರಣಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಂದಿನಿಂದ, ಮದುವೆ ಊಟದಲ್ಲಿ ಅವನ ಎಲೆಗೆ ಹೋಳಿಗೆ ಬಿದ್ದರೆ ಬಡಿಸಿದವರ ಏಳು ತಲೆಮಾರು ಜಾಲಾಡುತ್ತಿದ್ದಳು. ತಿಕೋಟಾದ ಹೋಟೆಲಿಗೆ ಎಮ್ಮೆ ಹಾಲು ಹಾಕಲು ಹೋದಾಗಲೂ, "ನಮ್ಮವರಿಗೆ ಚಾ ಕೊಟ್ಟೀರಿ ಮತ್ತ, ಜ್ವಾಕಿ!" ಎಂದು ಗದರಿಸಿಯೇ ಬರುವವಳು.

ಶಿವಶರಣಪ್ಪನೋ, ಕದ್ದು ತಿನ್ನುವುದರಲ್ಲಿ ಪಾಕಡಾ. ಸಕ್ಕರೆ ಏರಿತು, ಕೆನ್ನೆ ಬಾತಿತು, ಅಂಗುಳ ಕಪ್ಪಾಯಿತು. ವಿಜಯಪುರದ ಡಾಕ್ಟರು, ಮೂಗು ದವಡೆಗೆ ಬೂಷ್ಟು ಹಿಡಿದಿದೆ, ಕಣ್ಣಿಗೆ ಏರಿದರೆ ಕಣ್ಣು ಹೋಗುತ್ತದೆ, ಮಿದುಳಿಗೆ ಏರಿದರೆ ಜೀವ ಉಳಿಯುವುದಿಲ್ಲ ಎಂದರು. ಕೊಳೆತದ್ದನ್ನು ಕೆರೆದು ತೆಗೆದರು. ಮೊದಲು ಕೊಟ್ಟ ಔಷಧಕ್ಕೆ ಮೈ ಗಡಗಡ ನಡುಗಿತು, ಕಿಡ್ನಿಯೂ ಸೋತಿತು. ಆಮೇಲೆ ಬೇರೆ ಔಷಧ ಬಂತು. ಬಬಲೇಶ್ವರದ ಹುಡುಗಿ, ನರ್ಸ್ ನಂದಾ, ಬಾಟಲಿ ತೂಗುಹಾಕಿದಳು.

"ಇದರಾಗ ಏನೈತೆವ್ವಾ?"

"ಸಕ್ಕರಿ ನೀರಾಗ ಔಷಧ ಕಲಸೇವ್ರಿ" ಎಂದು ನಂದಾ ಅವಸರದಲ್ಲಿ ಹೊರಟೇಬಿಟ್ಟಳು.

ಸಕ್ಕರೆ! ಗುರುಸಿದ್ದವ್ವ ದಿಗ್ಗನೆ ಎದ್ದಳು. ತಾನು ಬಾಯಿಗೆ ಬೀಳದಂತೆ ಕಾದದ್ದನ್ನು ಇವರು ನೇರ ನರಕ್ಕೇ ಬಿಡುತ್ತಿದ್ದಾರಲ್ಲ! ನಳಿಗೆಯ ಗಾಲಿ ತಿರುವಿ ಬಂದ್ ಮಾಡಿ, ಬಾಟಲಿಗೆ ಅಡ್ಡ ನಿಂತಳು.

ತಿರುಗಿ ಬಂದ ನಂದಾ ಗಾಬರಿಯಾದಳು. "ಯವ್ವಾ, ಯಾಕ ಬಂದ್ ಮಾಡಿದ್ರಿ?"

"ಸಕ್ಕರಿಯಿಂದನ ಹಿಂಗ ಬಿದ್ದಾರ, ಮತ್ತ ಸಕ್ಕರಿ ಏರಸ್ತೀಯೇನ ಬೇ? ಉಪ್ಪನೀರಿನ ಬಾಟ್ಲಿ ಹಚ್ಚು!"

ಬೇರೆಯವರಾಗಿದ್ದರೆ ಬೈದು ಹೋಗುತ್ತಿದ್ದರು. ನಂದಾ ಪಕ್ಕದಲ್ಲಿ ಕುಳಿತಳು. "ಕಣ್ಣಿಗೆ ಕಾಣದಷ್ಟ ಸಣ್ಣ ಕೊಬ್ಬಿನ ಗುಳ್ಳಿ ಒಳಗ ಔಷಧ ಇಟ್ಟಾರ್ರಿ. ಅದಕ್ಕ ಕಿಡ್ನಿಗೆ ತ್ರಾಸ ಕಡಿಮಿ, ಬೂಷ್ಟ ಇದ್ದಲ್ಲಿ ಹೋಗಿ ಕೆಲಸಾ ಮಾಡತೈತಿ. ಉಪ್ಪನೀರಾಗ ಹಾಕಿದ್ರ ಕೆಡತೈತಿ. ನೀವು ಹಾಲಿನವರು, ಕಾಯೋ ಹಾಲಿಗೆ ಉಪ್ಪ ಬಿದ್ರ ಏನಾಕೈತಿ?"

"ಒಡೀತೈತಿ."

"ಹಂಗ ತಿಳೀರಿ. ಸಕ್ಕರಿ ಏರದಂಗ ಇನ್ಸುಲಿನ್ ಕೊಡಾಕತ್ತೇವಿ. ಆದ್ರ ಔಷಧ ನಿಂತ್ರ ಬೂಷ್ಟ ನಿಲ್ಲೂದಿಲ್ರಿ."

"ತಿರುವವ್ವಾ, ಲಗೂನ ತಿರುವು" ಎಂದು ಗುರುಸಿದ್ದವ್ವ ಸರಿದು ಕೈಮುಗಿದಳು.

ಕೆಲವು ವಾರಗಳಲ್ಲಿ ಬೂಷ್ಟು ಹೋಯಿತು. ಅಂಗುಳ ಕೆರೆದು ತೆಗೆದಿದ್ದರಿಂದ ಶಿವಶರಣಪ್ಪನ ಮಾತು ಮೂಗಿನಲ್ಲಿ ಬರುತ್ತಿತ್ತು, ಆದರೆ ಜೀವ ಉಳಿದಿತ್ತು, ಕಣ್ಣೂ ಉಳಿದಿತ್ತು. ಊರಿಗೆ ಹೊರಡುವ ದಿನ ಗುರುಸಿದ್ದವ್ವ ನಂದಾಳ ಕಾಲಿಗೆ ಬಗ್ಗಿದಳು.

"ಅಯ್ಯ, ನಾ ನಿಮ್ಮ ಮಗಳ ವಯಸ್ಸಿನಾಕಿ!"

"ವಯಸ್ಸ ತಗೊಂಡ ಏನ ಮಾಡ್ಲೆವ್ವಾ? ಆವತ್ತ ನೀ ಸಿಟ್ಟಾಗಿ ಹೋಗಿದ್ರ, ನನ್ನ ಕೈಯಾರೆ ನಾನ ಅವರ್ನ ಕೊಂದಿರ್ತಿದ್ದೆ. ನಿನ್ನ ಹೊಟ್ಟಿ ತಣ್ಣಗಿರ್ಲಿ."

ಅಷ್ಟು ದಿನ ಅಳದವಳು ವಾರ್ಡಿನ ನಡುವೆಯೇ ಗೊಳೋ ಎಂದು ಅತ್ತಳು. ನಂದಾ ಅವಳನ್ನು ತಬ್ಬಿ ಹಿಡಿದಳು.